ಆನ್ ಆರ್ಬರ್‌ಗೆ ಮರ್ಯಾದೆ ವಾಪಸ್ ಬಂದದ್ದು ಯಾವತ್ತು?

ಹಳದಿ ನೀಲಿ, ನೋವೈ

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ಗೆಳೆಯರ ಮನೆಯಲ್ಲಿ ಊಟಕ್ಕೆ ಸೇರಿದ್ದೆವು. ಮಾತು ಆನ್ ಆರ್ಬರ್ ಊರಿನ ಮಿಶಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಕಡೆ ತಿರುಗಿತು. ಚೆಂಡು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲ್. ನಾನು ಒಂದು ಪ್ರಶ್ನೆ ಕೇಳಿದೆ. ಇಷ್ಟು ದೊಡ್ಡ ತಂಡ ಮರ್ಯಾದೆ ಕಳೆದುಕೊಂಡದ್ದು ಯಾವ ದಿನ? ಅದು ತಿರುಗಿ ಬಂದದ್ದು ಯಾವ ದಿನ? ಒಬ್ಬೊಬ್ಬರದು ಒಂದೊಂದು ಉತ್ತರ. ರಾತ್ರಿ ಹನ್ನೊಂದಾದರೂ ಮುಗಿಯಲಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮೊದಲು ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ನಾನು ಈ ದೇಶಕ್ಕೆ ಬಂದದ್ದು 2006ರಲ್ಲಿ, ಕಾರಿನ ಬಿಡಿಭಾಗ ಮಾಡುವ ಕಂಪನಿಯ ಕೆಲಸಕ್ಕೆ. ಮಾರನೇ ವರ್ಷ ಸೆಪ್ಟೆಂಬರ್ 1ರ ಪಂದ್ಯಕ್ಕೆ ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ಕರೆದುಕೊಂಡು ಹೋದರು. ಸೀಸನ್ನಿನ ಮೊದಲ ಪಂದ್ಯ, ಎದುರಿಗೆ ಸಣ್ಣ ತಂಡ, ಆಟ ಕಲಿಯೋಕೆ ಒಳ್ಳೇ ದಿನ ಅಂದರು. ಆ ಸಣ್ಣ ತಂಡವೇ ಅಪಲಾಚಿಯನ್ ಸ್ಟೇಟ್. ನಾರ್ತ್ ಕ್ಯಾರೊಲೈನಾದ ಬೆಟ್ಟದೂರಿನ ಕಾಲೇಜು. ಒಂದು ದರ್ಜೆ ಕೆಳಗಿನ ವಿಭಾಗದಲ್ಲಿ ಆಡುವವರು. ಮಿಶಿಗನ್ ಆಗ ದೇಶದಲ್ಲಿ 5ನೇ ರ‍್ಯಾಂಕ್.

ಕೊನೆಗೆ ಉಳಿದದ್ದು 6 ಸೆಕೆಂಡ್. 34-32, ಮಿಶಿಗನ್ ಹಿಂದೆ. 37 ಯಾರ್ಡ್ ದೂರದ ಫೀಲ್ಡ್ ಗೋಲ್ ಹೊಡೆದರೆ, ಅಂದರೆ ಚೆಂಡನ್ನು ಕಂಬಗಳ ನಡುವೆ ಒದ್ದರೆ, ಮೂರು ಅಂಕ, ಗೆಲುವು. ಚೆಂಡು ಮೇಲೇಳುವ ಮೊದಲೇ ಅವರ ಹುಡುಗನೊಬ್ಬ ಹಾರಿ ತಡೆದುಬಿಟ್ಟ. ಒಂದು ಲಕ್ಷಕ್ಕೂ ಜಾಸ್ತಿ ಜನ ಒಟ್ಟಿಗೆ ಸುಮ್ಮನಾದದ್ದನ್ನು ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಒಂದು ಮೂಲೆಯಲ್ಲಿ ಅವರ ಕಡೆಯವರು ಕಿರುಚುತ್ತಿದ್ದದ್ದು ಇಡೀ ಸ್ಟೇಡಿಯಂಗೆ ಕೇಳುತ್ತಿತ್ತು.

ಮರ್ಯಾದೆ ಹೋದದ್ದು ಅವತ್ತೇ ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪಲ್ಲ. ಅವತ್ತು ಇಡೀ ದೇಶ ಬೆರಗಾಯಿತು. ಮಿಶಿಗನ್ ಸೋತಿತಂತೆ ಅಂದರೆ ನಂಬದವರು ಎಷ್ಟೋ ಜನ. ನೀವು ಸೋತಾಗ ಜನ ಬಾಯಿ ಬಿಟ್ಟು ನೋಡುತ್ತಾರೆ ಅಂದರೆ ನಿಮಗೆ ಇನ್ನೂ ಬೆಲೆ ಇದೆ ಅಂತಲೇ ಅಲ್ವಾ?

ನನ್ನ ಮಟ್ಟಿಗೆ ಅದು ಹೋದದ್ದು ಗೊತ್ತಾದದ್ದು 2019ರಲ್ಲಿ. ನವೆಂಬರ್ ಕೊನೆಯ ಶನಿವಾರ ಬದ್ಧ ಎದುರಾಳಿ ಒಹಾಯೊ ಸ್ಟೇಟ್ ನಮ್ಮನ್ನು ನಮ್ಮ ಅಂಗಳದಲ್ಲೇ 56-27ಕ್ಕೆ ಸೋಲಿಸಿತ್ತು. ಮಾರನೇ ದಿನ ನಾವು ಒಹಾಯೊದ ಡೇಟನ್‌ನಿಂದ ವಾಪಸ್ ಬರುತ್ತಿದ್ದೆವು. ದಾರಿಯಲ್ಲಿ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದೆವು. ಮಗನಿಗೆ ಆಗ ಎಂಟು ವರ್ಷ, ತಲೆ ಮೇಲೆ ನಮ್ಮ ಟೋಪಿ. ಕಾಫಿ ಹಿಡಿದು ನಿಂತಿದ್ದ, ಒಹಾಯೊ ತಂಡದ ಕೆಂಪು ಜಾಕೆಟ್‌ನ ವಯಸ್ಸಾದವರೊಬ್ಬರು ಅವನ ಭುಜ ತಟ್ಟಿದರು. 'ಬೇಜಾರು ಮಾಡ್ಕೋಬೇಡ ಮಗು, ಒಂದಲ್ಲ ಒಂದು ದಿನ ನಿಮಗೂ ಕಾಲ ಬರುತ್ತೆ' ಅಂದರು. ಅವನಿಗೊಂದು ಚಾಕೊಲೇಟ್ ಕೊಡಿಸಿದರು. ಅವರ ಮಾತಿನಲ್ಲಿ ಕೊಂಕು ಸ್ವಲ್ಪವೂ ಇರಲಿಲ್ಲ. ನಿಜವಾಗಿ ಕನಿಕರ ಇತ್ತು. ಕಾರು ಹತ್ತಿದ ಮೇಲೆ ನನಗೆ ತುಂಬಾ ಹೊತ್ತು ಮಾತು ಬರಲಿಲ್ಲ. ಬದ್ಧ ಎದುರಾಳಿ ಬೈದರೆ ತಡೆದುಕೊಳ್ಳಬಹುದು. ಪಾಪ ಅಂದರೆ?

ತಿರುಗಿ ಬಂದ ದಿನ ನನ್ನ ಲೆಕ್ಕದಲ್ಲಿ 2021ರ ನವೆಂಬರ್ 27. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ. ನಿಮ್ಮ ಲೆಕ್ಕ ಹೇಳಿ.

ಸಕ್ಕರೆ ನಾಡು, ಮಂಡ್ಯ

ಅಣ್ಣ, ಇದು ಕಾಲೇಜು ಹುಡುಗರ ತಂಡ ತಾನೇ? ಒಂದು ಲಕ್ಷ ಜನ ಟಿಕೆಟ್ ತೆಗೆದುಕೊಂಡು ಬರುತ್ತಾರಾ? ನಮ್ಮಲ್ಲಿ ವಿಶ್ವವಿದ್ಯಾಲಯದ ಪಂದ್ಯಕ್ಕೆ ಆಡುವವರ ಗೆಳೆಯರು ಬಿಟ್ಟರೆ ಯಾರೂ ಬರಲ್ಲ. ಯಾರಾದರೂ ಬುಡದಿಂದ ಹೇಳಿ.

ಹಳೇ ಓಕ್ ಮರ, ಲಿವೋನಿಯಾ

ತಮ್ಮಾ, ನಾನು ಹೇಳುತ್ತೇನೆ. ನಾನು 1978ರಿಂದ ಇಲ್ಲಿದ್ದೇನೆ.

ಇಲ್ಲಿ ಶನಿವಾರ ಕಾಲೇಜು ಫುಟ್‌ಬಾಲ್, ಭಾನುವಾರ ವೃತ್ತಿಪರ ತಂಡಗಳದ್ದು. ಎಷ್ಟೋ ರಾಜ್ಯಗಳಲ್ಲಿ ವೃತ್ತಿಪರ ತಂಡವೇ ಇಲ್ಲ. ಅಲ್ಲಿ ರಾಜ್ಯದ ವಿಶ್ವವಿದ್ಯಾಲಯದ ತಂಡವೇ ಮನೆದೇವರು. ಇಲ್ಲಿ ಡೆಟ್ರಾಯಿಟ್ ಲಯನ್ಸ್ ಇದ್ದಾರೆ. ಆದರೂ ಆನ್ ಆರ್ಬರ್‌ನ ಗತ್ತೇ ಬೇರೆ.

ಆ ಸ್ಟೇಡಿಯಂ ಕಟ್ಟಿದ್ದು 1927ರಲ್ಲಿ. ನೆಲ ಅಗೆದು ಬಟ್ಟಲಿನ ಹಾಗೆ ಮಾಡಿದ್ದಾರೆ. ಮೊದಲ ಸಲ ಹೋದಾಗ ರಸ್ತೆಯಿಂದ ನೋಡಿ ಇಷ್ಟೇನಾ ಅನಿಸಿತ್ತು. ಒಳಗೆ ಕಾಲಿಟ್ಟರೆ ನೀವು ಮೇಲಿನ ಸಾಲಿನಲ್ಲಿ ನಿಂತಿರುತ್ತೀರಿ, ಮೈದಾನ ಎಲ್ಲೋ ಕೆಳಗೆ ಬಾವಿಯ ತಳದಲ್ಲಿ ಇದ್ದ ಹಾಗೆ ಕಾಣುತ್ತದೆ. ಈಗ 1,07,601 ಸೀಟು. 1975ರ ನವೆಂಬರ್‌ನಿಂದ ಇಲ್ಲಿ ನಡೆದ ಪಂದ್ಯಗಳಿಗೆಲ್ಲ ಲಕ್ಷಕ್ಕೆ ಕಡಿಮೆ ಜನ ಬಂದದ್ದೇ ಇಲ್ಲ. ಕೋವಿಡ್‌ನ 2020 ಒಂದು ಬಿಟ್ಟು.

ಇನ್ನು ಮರ್ಯಾದೆಯ ಮಾತು. ಅದನ್ನು ಕಟ್ಟಿದವರು ಬೋ ಶೆಂಬೆಕ್ಲರ್. 1969ರಲ್ಲಿ ಕೋಚ್ ಆಗಿ ಬಂದರು. ಅದೇ ವರ್ಷ ಒಹಾಯೊ ಸ್ಟೇಟ್ ಸತತ 22 ಪಂದ್ಯ ಗೆದ್ದು ಇಲ್ಲಿಗೆ ಬಂತು. ಅವರ ಕೋಚ್ ವುಡಿ ಹೇಸ್, ಬೋ ಅವರ ಗುರು. ಶಿಷ್ಯ ಗುರುವನ್ನು 24-12ಕ್ಕೆ ಸೋಲಿಸಿದ. ಅಲ್ಲಿಂದ ಹತ್ತು ವರ್ಷ ಇವರಿಬ್ಬರ ಜಿದ್ದು. ನಾನು ಬಂದದ್ದು ಅದರ ಕೊನೇ ವರ್ಷ.

ಒಂದು ವಿಷಯ ಗಮನಿಸಿ. ಬೋ 21 ವರ್ಷ ಕೋಚ್ ಆಗಿದ್ದರು, 194 ಪಂದ್ಯ ಗೆದ್ದರು, ಒಂದೇ ಒಂದು ಸಲವೂ ರಾಷ್ಟ್ರೀಯ ಚಾಂಪಿಯನ್ ಆಗಲಿಲ್ಲ. ಆದರೂ ಅವರ ತಂಡ ಅಂದರೆ ಎದುರಾಳಿಗಳು ಎದ್ದು ನಿಲ್ಲುತ್ತಿದ್ದರು. ಯಾಕೆ? ಗೆಲ್ಲಬೇಕಾದರೂ ಇವರ ಕೈಯಲ್ಲಿ ನಾಲ್ಕು ಪೆಟ್ಟು ತಿಂದೇ ಗೆಲ್ಲಬೇಕು ಅಂತ ಎಲ್ಲರಿಗೂ ಗೊತ್ತಿತ್ತು. ಕಪ್ಪು ಗೆದ್ದದ್ದು ಅವರ ನಂತರ, 1997ರಲ್ಲಿ, ಲಾಯ್ಡ್ ಕಾರ್ ಕಾಲದಲ್ಲಿ. ಅದನ್ನೂ ನೆಬ್ರಾಸ್ಕಾ ಜೊತೆ ಹಂಚಿಕೊಳ್ಳಬೇಕಾಯಿತು.

ಬೋ ತೀರಿಕೊಂಡದ್ದು 2006ರ ನವೆಂಬರ್ 17. ಮಾರನೇ ದಿನ ಒಹಾಯೊ ಸ್ಟೇಟ್‌ನ ಊರು ಕೊಲಂಬಸ್‌ನಲ್ಲಿ ಪಂದ್ಯ. ಒಹಾಯೊ 1ನೇ ರ‍್ಯಾಂಕ್, ಮಿಶಿಗನ್ 2ನೇ ರ‍್ಯಾಂಕ್, ಎರಡೂ ಒಂದೂ ಸೋಲದ ತಂಡಗಳು. 42-39ಕ್ಕೆ ನಾವು ಸೋತೆವು. ಅವತ್ತು ರಾತ್ರಿ ನನ್ನ ಹೆಂಡತಿ, 'ಯಜಮಾನರು ಹೋದ ಮನೆ ಥರ ಆಯ್ತು' ಅಂದಳು. ನನ್ನ ಲೆಕ್ಕದಲ್ಲಿ ಇಳಿಮುಖ ಶುರುವಾದದ್ದು ಅಲ್ಲಿಂದ.

ಹಿಮದ ಮಲ್ಲಿಗೆ, ಸಿಯಾಟಲ್

ಅಂಕಲ್ ಹೇಳಿದ್ದು ಸರಿ, ಆದರೆ ಅದರ ಮುಂದಿನ ಭಾಗ ನಾನು ಒಳಗಿದ್ದು ನೋಡಿದ್ದೇನೆ. 2008ರಿಂದ 2010ರ ವರೆಗೆ ಅಲ್ಲಿ ಎಂಎಸ್ ಮಾಡುತ್ತಿದ್ದೆ. ವಿದ್ಯಾರ್ಥಿಗಳ ಸಾಲಿನಲ್ಲಿ ನಿಂತು ಎಲ್ಲಾ ಪಂದ್ಯ ನೋಡಿದೆ. ಅಲ್ಲಿ ಕೂರುವವರು ಯಾರೂ ಇಲ್ಲ.

ಲಾಯ್ಡ್ ಕಾರ್ ನಿವೃತ್ತರಾದ ಮೇಲೆ ವೆಸ್ಟ್ ವರ್ಜಿನಿಯಾದಿಂದ ರಿಚ್ ರಾಡ್ರಿಗೆಜ್ ಬಂದರು. ಅವರ ಆಟದ ಪದ್ಧತಿ ಪೂರ್ತಿ ಬೇರೆ. ಮೈದಾನದ ಉದ್ದಗಲಕ್ಕೆ ಆಟಗಾರರನ್ನು ಹರಡಿ ಓಡುವುದು, ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಕೂಡ ಓಡುವುದು. ತಂಡದಲ್ಲಿ ಇದ್ದವರು ಹಳೇ ಪದ್ಧತಿಗೆ ತಯಾರಾದ ಹುಡುಗರು. ಬಲವಾದ ಕೈಯ ಕ್ವಾರ್ಟರ್‌ಬ್ಯಾಕ್ ಬಿಟ್ಟು ಹೋದ. ಎದುರಿನವರನ್ನು ತಡೆಯುವ ಮುಂದಿನ ಸಾಲಿನಲ್ಲಿ, ಅಂದರೆ ಲೈನ್‌ನಲ್ಲಿ, ಆಡುತ್ತಿದ್ದ ಒಬ್ಬ ನೇರ ಒಹಾಯೊ ಸ್ಟೇಟ್‌ಗೇ ಹೋಗಿ ಸೇರಿದ. ಅವನ ತಂದೆ ಮಿಶಿಗನ್‌ಗೆ ಆಡಿದವರು!

2008ರ ಲೆಕ್ಕ 3 ಗೆಲುವು, 9 ಸೋಲು. 1967ರ ನಂತರ ಸೋಲೇ ಜಾಸ್ತಿಯಾದ ಮೊದಲ ವರ್ಷ. ಸೀಸನ್ ಮುಗಿದ ಮೇಲೆ ಚೆನ್ನಾಗಿ ಆಡಿದ ತಂಡಗಳಿಗೆ ಸಿಗುವ ಬೌಲ್ ಪಂದ್ಯವನ್ನು ಸತತ 33 ವರ್ಷ ಆಡಿದ್ದ ತಂಡ ಡಿಸೆಂಬರ್‌ನಲ್ಲಿ ಮನೆಯಲ್ಲಿ ಕುಳಿತಿತು. ಟೊಲೀಡೊ ಎದುರು 13-10ಕ್ಕೆ ಸೋತ ದಿನ ನಾನು ಅಲ್ಲೇ ಇದ್ದೆ. ಸೋಲಿಗಿಂತ ನೆನಪಲ್ಲಿ ಉಳಿದದ್ದು ಹೊರಗೆ ಬರುವಾಗಿನ ಮಾತು. ಹಳೇ ವಿದ್ಯಾರ್ಥಿಗಳು ಸುತ್ತ ಗುಂಪು ಕಟ್ಟಿ, ಆ ಕೋಚ್ ನಮ್ಮವನಲ್ಲ, ನಮ್ಮ ಮನೆ ರೀತಿ ಅವನಿಗೆ ಗೊತ್ತಿಲ್ಲ ಅಂತ ಹೇಳುತ್ತಿದ್ದರು. ಮೂರು ವರ್ಷವೂ ಅದೇ ಮಾತು. ಅಭ್ಯಾಸದ ಗಂಟೆಗಳ ಬಗ್ಗೆ ದೂರು ಬಂತು, ವಿಚಾರಣೆ ಆಯಿತು, ತಂಡವನ್ನು ಮೂರು ವರ್ಷ ನಿಗಾದಲ್ಲಿ ಇಟ್ಟರು. ಮನೆಯವರೇ ಮನೆಯವರನ್ನು ಬಿಟ್ಟುಕೊಟ್ಟ ಹಾಗಿತ್ತು ವಾತಾವರಣ. ಹೊರಗಿನವರು ಯಾಕೆ ಬೆಲೆ ಕೊಡುತ್ತಾರೆ?

ಆದರೆ ಆ ಮೂರು ವರ್ಷವನ್ನು ಪೂರ್ತಿ ಕತ್ತಲೆ ಅನ್ನಬೇಡಿ. ಡೆನಾರ್ಡ್ ರಾಬಿನ್ಸನ್ ಇದ್ದ. ನಂಬರ್ 16. ಶೂ ಲೇಸ್ ಕಟ್ಟದೆಯೇ ಆಡುತ್ತಿದ್ದ, ಚಿಕ್ಕಂದಿನಿಂದ ಬಂದ ಅಭ್ಯಾಸ. 2010ರಲ್ಲಿ ನೋಟ್ರ್ ಡೇಮ್ ಊರಿಗೇ ಹೋಗಿ ಒಬ್ಬನೇ ಓಡಿ 258 ಯಾರ್ಡ್, ಎಸೆದು 244 ಯಾರ್ಡ್. ಎಡವುತ್ತಾನೇನೋ ಅಂತ ಪ್ರತಿ ಸಲವೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ಅವನು ಎಡವಲೇ ಇಲ್ಲ. ತಂಡ ನೆಲ ಕಚ್ಚಿದ್ದಾಗಲೂ ಎದುರಾಳಿಗಳು ಅವನೊಬ್ಬನಿಗೆ ಹೆದರುತ್ತಿದ್ದರು. ಆ ಹುಡುಗನ ಋಣ ಮಿಶಿಗನ್ ಮೇಲಿದೆ.

ಕೆಂಪು ಬೂದಿ, ಕೊಲಂಬಸ್

ನಾನು ಎದುರು ಪಾಳಯದವನು. ಆ ಕಡೆಯಿಂದ ಹೇಗೆ ಕಾಣುತ್ತಿತ್ತು ಅಂತ ಹೇಳಲಾ?

ನಮ್ಮ ಕ್ಯಾಂಪಸ್‌ನಲ್ಲಿ ಆ ಪಂದ್ಯದ ವಾರ ಎಲ್ಲಾ ಬೋರ್ಡುಗಳ ಮೇಲೂ 'ಎಂ' ಅಕ್ಷರಕ್ಕೆ ಕೆಂಪು ಟೇಪಿನ ಗೀಟು ಹಾಕುತ್ತಾರೆ. ಅಷ್ಟು ಜಿದ್ದು. ಆದರೆ 2004ರಿಂದ 2019ರ ವರೆಗೆ 16 ಪಂದ್ಯಗಳಲ್ಲಿ ಮಿಶಿಗನ್ ಗೆದ್ದದ್ದು 2011ರದ್ದು ಒಂದೇ. ಕೊನೆಕೊನೆಗೆ ನಮ್ಮ ಮಾತೇ ಬದಲಾಯಿತು. ಗೆಲ್ಲುತ್ತೇವಾ ಅಂತ ಯಾರೂ ಕೇಳುತ್ತಿರಲಿಲ್ಲ. ಎಷ್ಟರಲ್ಲಿ ಗೆಲ್ಲುತ್ತೇವೆ ಅಂತ ಕೇಳುತ್ತಿದ್ದರು. 2018ರಲ್ಲಿ ನಿಮ್ಮವರು 4ನೇ ರ‍್ಯಾಂಕ್, ರಕ್ಷಣೆಯಲ್ಲಿ ದೇಶಕ್ಕೇ ಮೊದಲು ಅಂತ ಹೆಸರು ಮಾಡಿಕೊಂಡು ಬಂದರು. ನಾವು 62 ಹೊಡೆದೆವು. ನನ್ನ ಪಕ್ಕದ ಮನೆಯವರು ಮೂರನೇ ಕ್ವಾರ್ಟರ್‌ನಲ್ಲೇ ಟಿವಿ ಬಿಟ್ಟು ಅಂಗಳದ ಎಲೆ ಗುಡಿಸೋಕೆ ಹೋದರು.

ಹಳದಿ ನೀಲಿ ಅಣ್ಣ, ನಿಮ್ಮ ಪೆಟ್ರೋಲ್ ಬಂಕಿನ ಮಾತು ಓದಿ ಸಂಕಟವಾಯಿತು. ನಿಜ, ಆಗ ನಮಗೆ ನಿಮ್ಮ ಮೇಲೆ ಸಿಟ್ಟೂ ಉಳಿದಿರಲಿಲ್ಲ. 2016ರ ಪಂದ್ಯ ಮಾತ್ರ ಬೇರೆ. ಎರಡು ಓವರ್‌ಟೈಮ್, 30-27. ನಾಲ್ಕನೇ ಡೌನ್‌ನಲ್ಲಿ, ಅಂದರೆ ಕೊನೆಯ ಯತ್ನದಲ್ಲಿ, ನಮ್ಮ ಕ್ವಾರ್ಟರ್‌ಬ್ಯಾಕ್ ಗೆರೆ ಮುಟ್ಟಿದನೋ ಇಲ್ಲವೋ ಅಂತ ಇವತ್ತಿಗೂ ಜಗಳ. ಅವತ್ತು ಹೆದರಿದ್ದೆವು.

ಹಳದಿ ನೀಲಿ, ನೋವೈ

ಮುಟ್ಟಲಿಲ್ಲ. ನನ್ನ ಕೊನೇ ಉಸಿರಿನ ವರೆಗೂ ಇದೇ ಹೇಳುತ್ತೇನೆ.

ಮಲ್ಲಿಗೆ ಅವರೇ, ನೀವು ಹೋದ ಮೇಲೆ ಇನ್ನೂ ಕೆಟ್ಟದ್ದಾಯಿತು. ಬ್ರೇಡಿ ಹೋಕ್ 2011ರಲ್ಲಿ ಕೋಚ್ ಆಗಿ ಬಂದಾಗ 11 ಗೆಲುವು, 2 ಸೋಲು, ಶುಗರ್ ಬೌಲ್ ಗೆಲುವು. ಎಲ್ಲಾ ಸರಿಯಾಯಿತು ಅಂದುಕೊಂಡೆವು. ಆಮೇಲೆ ವರ್ಷವರ್ಷ ಜಾರಿದರು. 8-5, 7-6, 5-7.

ನಾನು 2014ರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ನಿಜವಾದ ಪಾತಾಳ ಅದೇ. ಅದಕ್ಕೂ ಮುಂಚೆ ಕೆಲವು ವರ್ಷದಿಂದ ವಿಶ್ವವಿದ್ಯಾಲಯದ ಕ್ರೀಡಾ ಇಲಾಖೆಯವರು ತಂಡವನ್ನು ಅಂಗಡಿ ಸಾಮಾನಿನ ಹಾಗೆ ನಡೆಸುತ್ತಿದ್ದರು. ವಿದ್ಯಾರ್ಥಿಗಳ ಟಿಕೆಟ್ ದರ ಏರಿಸಿದರು. ಆ ಸಾಲುಗಳು ಖಾಲಿಯಾಗತೊಡಗಿದವು. ಕೊನೆಗೆ ಎರಡು ಕೋಕ್ ಕೊಂಡರೆ ಎರಡು ಟಿಕೆಟ್ ಅಂತ ಒಂದು ಕೊಡುಗೆ ಬಂತು. ಮೊದಲೆಲ್ಲ ಟಿಕೆಟ್‌ಗಾಗಿ ವರ್ಷಗಟ್ಟಲೆ ಕಾಯುತ್ತಿದ್ದ ಜಾಗ ಅದು. ಆ ಜಾಹೀರಾತು ನೋಡಿ ನಮ್ಮ ಆಫೀಸಿನಲ್ಲಿ ಯಾರೂ ನಗಲಿಲ್ಲ, ತಲೆ ತಗ್ಗಿಸಿದರು.

ಆ ಕೋಕ್ ಟಿಕೆಟ್‌ನ ಪಂದ್ಯವೇ ಮಿನೆಸೋಟಾ ಎದುರಿನದು, ಸೆಪ್ಟೆಂಬರ್ 27. ನಮ್ಮ ಎಳೆ ಕ್ವಾರ್ಟರ್‌ಬ್ಯಾಕ್ ಮೊದಲೇ ಕುಂಟುತ್ತಿದ್ದ. ತಲೆಗೆ ಜೋರು ಪೆಟ್ಟು ಬಿತ್ತು. ನಿಲ್ಲಲಾಗದೆ ಜೊತೆಗಾರನ ಎದೆಗೆ ಒರಗಿಕೊಂಡ. ಆದರೂ ಮುಂದಿನ ಆಟಕ್ಕೆ ಅವನೇ ನಿಂತ. ಹೊರಗೆ ಕರೆದ ಮೇಲೂ ಮತ್ತೊಮ್ಮೆ ಒಳಗೆ ಕಳಿಸಿದರು. ಸುತ್ತಲಿನವರೆಲ್ಲ ಎದ್ದು ಕೂಗುತ್ತಿದ್ದರು. ಎದುರಾಳಿಯನ್ನು ಅಲ್ಲ, ನಮ್ಮ ಕಡೆಯವರನ್ನೇ. ಸೋಮವಾರ ಕೋಚ್ ಒಂದು ಹೇಳಿದರು. ಅದೇ ರಾತ್ರಿ 1 ಗಂಟೆ ಸುಮಾರಿಗೆ ಇಲಾಖೆ ಇನ್ನೊಂದು ಹೇಳಿತು, ಮೆದುಳಿಗೆ ಸಣ್ಣ ಪೆಟ್ಟಾಗಿರಬಹುದು ಅಂತ. ಮಂಗಳವಾರ ವಿದ್ಯಾರ್ಥಿಗಳು ವಿಶ್ವವಿದ್ಯಾಲಯದ ಅಧ್ಯಕ್ಷರ ಮನೆ ಮುಂದೆ ಸೇರಿದರು. ಅಕ್ಟೋಬರ್ 31ಕ್ಕೆ ಕ್ರೀಡಾ ನಿರ್ದೇಶಕರು ರಾಜೀನಾಮೆ ಕೊಟ್ಟರು.

ಆ ಪಂದ್ಯ ಸೋತದ್ದು 30-14ಕ್ಕೆ. ಅಂಕ ನನಗೆ ಮುಖ್ಯವೇ ಅಲ್ಲ. ಯಾರದೋ ಮನೆಯ ಮಗನನ್ನು ನಾವು ನೋಡಿಕೊಳ್ಳಲಿಲ್ಲ. ಅದು ಮರ್ಯಾದೆ ಹೋಗುವ ಇನ್ನೊಂದು ದಾರಿ. ಅದಕ್ಕೆ ಅಂಕಪಟ್ಟಿ ಬೇಕಾಗಿಲ್ಲ.

ಜೋಳದ ಹೊಲ, ಲಿಂಕನ್

ಎಲ್ಲರದೂ ಓದಿದೆ. ನಾನು ನೆಬ್ರಾಸ್ಕಾದಿಂದ ಬರೆಯುತ್ತಿದ್ದೇನೆ. ಬೆಳೆ ವಿಜ್ಞಾನದ ಸಂಶೋಧನೆಗೆ ಬಂದು ಇಲ್ಲೇ ಉಳಿದವನು. ಮೇಲೆ ಅಂಕಲ್ ಹೇಳಿದರಲ್ಲ, 1997ರ ಪ್ರಶಸ್ತಿ ಹಂಚಿಕೊಂಡದ್ದು ನಮ್ಮ ಜೊತೆ. ನಮಗೆ ಅದು ನಾಲ್ಕು ವರ್ಷದಲ್ಲಿ ಮೂರನೆಯದು. 1994, 1995, 1997. ಟಾಮ್ ಆಸ್‌ಬರ್ನ್ 255 ಪಂದ್ಯ ಗೆದ್ದು ಅದೇ ವರ್ಷ ನಿವೃತ್ತರಾದರು. ಒಂದೇ ವರ್ಷ ಒಂದೇ ಎತ್ತರದಲ್ಲಿದ್ದ ಎರಡು ಮನೆಗಳು. ನೀವು ಬಿದ್ದು ಎದ್ದಿರಿ. ನಾವು ಇನ್ನೂ ಏಳುತ್ತಿದ್ದೇವೆ.

2003ರಲ್ಲಿ ಫ್ರಾಂಕ್ ಸೋಲಿಚ್ 9 ಗೆದ್ದು 3 ಸೋತಿದ್ದರು. ಅಷ್ಟು ಸಾಲದು ಅಂತ ತೆಗೆದರು. ಮಾರನೇ ವರ್ಷ ಟೆಕ್ಸಸ್ ಟೆಕ್ ನಮ್ಮನ್ನು 70-10ಕ್ಕೆ ಸೋಲಿಸಿತು. 1961ರ ನಂತರ ಸೋಲೇ ಜಾಸ್ತಿಯಾದ ಮೊದಲ ವರ್ಷ ಅದು. ಬೋ ಪೆಲಿನಿ ಬಂದು ಏಳು ವರ್ಷವೂ ಒಂಬತ್ತಕ್ಕೆ ಕಡಿಮೆ ಗೆಲ್ಲಲಿಲ್ಲ. ಅವರನ್ನೂ ಕಳಿಸಿದರು. ಆಮೇಲೆ 1997ರ ತಂಡದ ಕ್ವಾರ್ಟರ್‌ಬ್ಯಾಕ್, ನಮ್ಮದೇ ಮಣ್ಣಿನ ಮಗ ಸ್ಕಾಟ್ ಫ್ರಾಸ್ಟ್ ಬಂದರು. ಊರಿಗೆ ಊರೇ ಹಬ್ಬ ಮಾಡಿತು. 16 ಗೆಲುವು, 31 ಸೋಲು. 2021ರಲ್ಲಿ 9 ಪಂದ್ಯ ಸೋತೆವು. ಒಂದೂ ಹತ್ತು ಅಂಕದ ಅಂತರದ್ದಲ್ಲ, ಎಲ್ಲಾ ಹತ್ತಿರ ಹತ್ತಿರದ ಸೋಲು.

ಆದ್ದರಿಂದ ಮನೆ ಮಗ ಬಂದರೆ ಮರ್ಯಾದೆ ವಾಪಸ್ ಬರುತ್ತದೆ ಅಂತ ಯಾರೂ ಸುಮ್ನೆ ಹೇಳಬೇಡಿ. 2015ರಿಂದ ನಿಮ್ಮ ಕೋಚ್ ಆಗಿದ್ದ ಜಿಮ್ ಹಾರ್ಬಾ ಒಂದು ಕಾಲಕ್ಕೆ ಬೋ ಶೆಂಬೆಕ್ಲರ್ ಅವರ ಕ್ವಾರ್ಟರ್‌ಬ್ಯಾಕ್ ಆಗಿದ್ದರು ಅನ್ನುವುದರಿಂದಲೇ ನಿಮಗೆ ಒಳ್ಳೆಯದಾಗಲಿಲ್ಲ. ಫ್ರಾಸ್ಟ್ ಕೂಡ ಆಸ್‌ಬರ್ನ್ ಅವರ ಕ್ವಾರ್ಟರ್‌ಬ್ಯಾಕ್ ಆಗಿದ್ದವರೇ.

ಒಂದು ಮಾತ್ರ ನಮ್ಮಲ್ಲಿ ಹೋಗಲಿಲ್ಲ. 1962ರ ನವೆಂಬರ್‌ನಿಂದ ಇಲ್ಲಿ ಪ್ರತಿ ಪಂದ್ಯದ ಟಿಕೆಟ್ಟೂ ಮಾರಾಟವಾಗಿದೆ. 2023ರ ಆಗಸ್ಟ್‌ನಲ್ಲಿ ಅದೇ ಸ್ಟೇಡಿಯಂನಲ್ಲಿ ಹೆಣ್ಣುಮಕ್ಕಳ ವಾಲಿಬಾಲ್ ನೋಡೋಕೆ 92,003 ಜನ ಬಂದರು. ನಾನೂ ನನ್ನ ಮಗಳೂ ಅದರಲ್ಲಿ ಇದ್ದೆವು. ತಂಡಕ್ಕೆ ಮರ್ಯಾದೆ ಇಲ್ಲದೇ ಇರಬಹುದು, ಈ ಜನಕ್ಕೆ ಇದೆ. ಸೋತು ಹೊರಗೆ ಹೋಗುವ ಎದುರು ತಂಡಕ್ಕೂ ಎದ್ದು ಚಪ್ಪಾಳೆ ತಟ್ಟುವವರು ಇವರು.

ಸಕ್ಕರೆ ನಾಡು, ಮಂಡ್ಯ

ಈಗ ಅರ್ಥವಾಯಿತು ಅಣ್ಣ. ಇದು ಓದುವಾಗ ನನಗೆ 2010ರ ಜನವರಿ ನೆನಪಾಯಿತು. ಮೈಸೂರಿನ ಗಂಗೋತ್ರಿ ಮೈದಾನ, ರಣಜಿ ಫೈನಲ್, ಎದುರಿಗೆ ಮುಂಬೈ. ಕರ್ನಾಟಕ ಕಪ್ಪು ಗೆದ್ದು ಹತ್ತು ವರ್ಷದ ಮೇಲಾಗಿತ್ತು. ಮನೀಶ್ ಪಾಂಡೆ 144 ಹೊಡೆದರೂ ಆರು ರನ್ನಿಂದ ಸೋತೆವು. ಆದರೆ ನಮ್ಮ ಊರಿನ ಹಿರಿಯರು ಅವತ್ತೇ, 'ಇನ್ನು ಇವರನ್ನು ಯಾರೂ ಹಗುರ ಮಾಡಲ್ಲ' ಅಂದರು. ನಾಲ್ಕು ವರ್ಷಕ್ಕೆ ಕಪ್ಪು ಬಂತು. ಮಿಶಿಗನ್‌ಗೆ ಆ ಥರ ಸೋತು ಗೆದ್ದ ಪಂದ್ಯ ಇದೆಯಾ?

ಹಳೇ ಓಕ್ ಮರ, ಲಿವೋನಿಯಾ

ಒಳ್ಳೇ ಪ್ರಶ್ನೆ ಕೇಳಿದೆ ತಮ್ಮಾ. ನನ್ನ ಪ್ರಕಾರ ಸೋತು ಗೆದ್ದ ಪಂದ್ಯ ಇಲ್ಲ, ಸೋತು ಪಾಠ ಕಲಿತ ವರ್ಷ ಇದೆ. 2020. ಎರಡು ಗೆಲುವು, ನಾಲ್ಕು ಸೋಲು. ಒಹಾಯೊ ಪಂದ್ಯ ಕೋವಿಡ್‌ನಿಂದ ರದ್ದಾಯಿತು. ಹಾರ್ಬಾ ಅವರನ್ನು ಕಳಿಸುತ್ತಾರೆ ಅಂತ ಎಲ್ಲರೂ ಅಂದುಕೊಂಡರು. ಕಳಿಸಲಿಲ್ಲ. ಸಂಬಳ ಸುಮಾರು ಅರ್ಧ ಕಡಿಮೆ ಮಾಡಿ ಹೊಸ ಕರಾರು ಮುಂದಿಟ್ಟರು. ಅವರು ಸಹಿ ಹಾಕಿದರು. ದೇಶದಲ್ಲೇ ದೊಡ್ಡ ಸಂಬಳದ ಕೋಚ್‌ಗಳಲ್ಲಿ ಒಬ್ಬರಾಗಿದ್ದವರು ಅದನ್ನು ನುಂಗಿಕೊಂಡು ಉಳಿದರು. ಅದು ನನಗೆ ತುಂಬಾ ದೊಡ್ಡದಾಗಿ ಕಂಡಿತು. ಜೊತೆಗಿದ್ದ ಹಳೇ ಸಹಾಯಕ ಕೋಚ್‌ಗಳಲ್ಲಿ ಹಲವರನ್ನು ಬದಲಾಯಿಸಿ ವಯಸ್ಸಿನಲ್ಲಿ ಚಿಕ್ಕವರನ್ನು ತಂದರು. ರಕ್ಷಣೆಗೆ ಮೈಕ್ ಮ್ಯಾಕ್‌ಡೊನಾಲ್ಡ್ ಬಂದರು.

ಹಿಮದ ಮಲ್ಲಿಗೆ, ಸಿಯಾಟಲ್

ಅದೇ ಮ್ಯಾಕ್‌ಡೊನಾಲ್ಡ್ ಆಮೇಲೆ ನಮ್ಮ ಸಿಯಾಟಲ್ ತಂಡದ ಮುಖ್ಯ ಕೋಚ್ ಆದರು!

ಅಭ್ಯಾಸದಲ್ಲಿ ಆದ ಬದಲಾವಣೆ ಕೂಡ ಹೇಳಬೇಕು. ಒಹಾಯೊ ಸೋಲಿಸುವ ಅಭ್ಯಾಸ ಅಂತಲೇ ಒಂದನ್ನು ಇಟ್ಟರು. ಚೆಂಡು ಹಿಡಿದು ಓಡುತ್ತಾರೆ, ಎಸೆಯಲ್ಲ ಅಂತ ಎದುರಿನವರಿಗೆ ಮೊದಲೇ ಗೊತ್ತು. ರಕ್ಷಣೆಯವರು ಮುಂದೆ ಗುಂಪಾಗಿ ನಿಲ್ಲುತ್ತಾರೆ. ಆದರೂ ತಳ್ಳಿಕೊಂಡು ಮುಂದೆ ಹೋಗಬೇಕು. ಮುಚ್ಚುಮರೆ ಇಲ್ಲ. ವರ್ಷಪೂರ್ತಿ ಇದನ್ನೇ ಮಾಡಿದರು. ನಾನಿದ್ದಾಗ ಒಳಗೊಳಗೇ ಜಗಳವಾಡುತ್ತಿದ್ದ ಮನೆ, ಈಗ ಒಂದೇ ಕೆಲಸ ಹಿಡಿದು ಕೂತಿತ್ತು.

ಹಳದಿ ನೀಲಿ, ನೋವೈ

ಸರಿ, ಈಗ 2021ರ ನವೆಂಬರ್ 27.

ಪಯನಿಯರ್ ಹೈಸ್ಕೂಲ್ ಮೈದಾನದಲ್ಲಿ ಕಾರು ನಿಲ್ಲಿಸಿ ನಡೆದೆವು. ಮಗನಿಗೆ ಹತ್ತು ವರ್ಷ. ಹಿಮ ಬೀಳುತ್ತಿತ್ತು. ಲೋಹದ ಬೆಂಚಿನ ಮೇಲೆ ರಟ್ಟು ಹಾಸಿ ಅದರ ಮೇಲೆ ಕೂತೆವು, ಇಲ್ಲದಿದ್ದರೆ ಚಳಿ ಮೂಳೆಗೆ ಇಳಿಯುತ್ತದೆ. ಪಕ್ಕದಲ್ಲಿ ಎಪ್ಪತ್ತು ದಾಟಿದ ದಂಪತಿ. ಆ ಸೀಟು ಬೋ ಕಾಲದಿಂದ ತಮ್ಮದು ಅಂದರು. ಅರ್ಧ ಆಟಕ್ಕೆ 14-13, ನಾವು ಒಂದು ಅಂಕ ಮುಂದೆ. ಯಾರೂ ಖುಷಿಯಾಗಿರಲಿಲ್ಲ. ಎಷ್ಟು ಸಲ ಹೀಗೇ ಆಗಿ ಕೈ ತಪ್ಪಿಲ್ಲ.

ಎರಡನೇ ಅರ್ಧದಲ್ಲಿ ನಾವು ಸುಮ್ಮನೆ ಓಡಿದೆವು. ಹಸನ್ ಹ್ಯಾಸ್ಕಿನ್ಸ್ ಕೈಗೆ ಚೆಂಡು. ಮತ್ತೆ ಅವನಿಗೇ. ಮತ್ತೆ ಅವನಿಗೇ. ಎಲ್ಲರಿಗೂ ಗೊತ್ತು, ಒಹಾಯೊ ಹುಡುಗರಿಗೂ ಗೊತ್ತು, ತಡೆಯಲಾಗುತ್ತಿಲ್ಲ. ಐದು ಸಲ ಕೊನೆಯ ಗೆರೆ ದಾಟಿ ಟಚ್‌ಡೌನ್, 169 ಯಾರ್ಡ್. ಆ ಕಡೆ ಏಡನ್ ಹಚಿನ್ಸನ್ ಅವರ ಕ್ವಾರ್ಟರ್‌ಬ್ಯಾಕ್‌ನನ್ನು ಮೂರು ಸಲ ಕೆಡವಿದ. ಅವನು ಇಲ್ಲೇ ಪ್ಲಿಮತ್ ಊರಿನ ಹುಡುಗ, ಅಪ್ಪನೂ ಮಿಶಿಗನ್‌ಗೆ ಆಡಿದವರು. ನಾನು ನೋಡುತ್ತಿದ್ದದ್ದು ಒಹಾಯೊ ಲೈನ್‌ನ ಹುಡುಗರನ್ನು. ನಾಲ್ಕನೇ ಕ್ವಾರ್ಟರ್‌ನಲ್ಲಿ ಅವರು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. ಮೂಗಿನಿಂದ ಹಬೆ. ಹಿಂದಿನ ವರ್ಷಗಳಲ್ಲಿ ಹಾಗೆ ನಿಲ್ಲುತ್ತಿದ್ದವರು ನಮ್ಮವರು.

42-27. ಜನ ಮೈದಾನಕ್ಕೆ ನುಗ್ಗಿದರು. ಪಕ್ಕದ ಅಜ್ಜ ಟೋಪಿ ತೆಗೆದು ಎದೆಗೆ ಹಿಡಿದುಕೊಂಡರು. ತಲೆ ಮೇಲೆ ಹಿಮ ಬೀಳುತ್ತಿದ್ದರೂ ಹಾಕಿಕೊಳ್ಳಲಿಲ್ಲ. ಅವರ ಹೆಂಡತಿ ಅಳುತ್ತಿದ್ದರು. ನನ್ನ ಮಗ ಕೇಳಿದ, 'ಅಪ್ಪಾ, ಆ ಪೆಟ್ರೋಲ್ ಬಂಕಿನ ತಾತ ಈಗ ನೋಡ್ತಾ ಇರ್ತಾರಾ?'

2024ರ ಜನವರಿ 8ಕ್ಕೆ ಹ್ಯೂಸ್ಟನ್‌ನಲ್ಲಿ ವಾಷಿಂಗ್ಟನ್ ತಂಡವನ್ನು 34-13ಕ್ಕೆ ಸೋಲಿಸಿ ಚಾಂಪಿಯನ್ ಆದೆವು. 15 ಪಂದ್ಯ, 15 ಗೆಲುವು. ತುಂಬಾ ಸಂತೋಷದ ದಿನ. ಆದರೆ ನನಗೆ ದೊಡ್ಡದು ಆ ಹಿಮದ ಶನಿವಾರವೇ.

ತಕ್ಕಡಿ, ಚಿಕಾಗೊ

ಎಲ್ಲರೂ ಒಂದು ವಿಷಯ ಬಿಟ್ಟಿರಿ. ಬೇಸರವಾದರೂ ಹೇಳಲೇಬೇಕು. 2023ರ ಅಕ್ಟೋಬರ್‌ನಲ್ಲಿ ಏನು ಹೊರಬಂತು? ಮಿಶಿಗನ್ ಸಿಬ್ಬಂದಿಯೊಬ್ಬ ಮುಂದೆ ಎದುರಾಗುವ ತಂಡಗಳ ಪಂದ್ಯಗಳಿಗೆ ಟಿಕೆಟ್ ತೆಗೆದು ಜನರನ್ನು ಕಳಿಸಿ, ಅವರ ಕೋಚ್‌ಗಳು ಮುಂದಿನ ಆಟ ತಿಳಿಸಲು ಕೈಸನ್ನೆ ಮಾಡುವುದನ್ನು ಚಿತ್ರ ತೆಗೆಸುತ್ತಿದ್ದ. ಹಾಗೆ ಹೋಗಿ ನೋಡುವುದು 1994ರಿಂದ ನಿಷಿದ್ಧ. ಹಾರ್ಬಾ ಅವರನ್ನು ಮಾಮೂಲಿ ಸೀಸನ್ನಿನ ಕೊನೆಯ ಮೂರು ಪಂದ್ಯಕ್ಕೆ ಹೊರಗಿಟ್ಟರು. 2025ರ ಆಗಸ್ಟ್‌ನಲ್ಲಿ ಕೋಟಿಗಟ್ಟಲೆ ಡಾಲರ್ ದಂಡ ಬಿತ್ತು. ಅಣ್ಣ, ನೀವು 2014ರ ಬಗ್ಗೆ ಅಷ್ಟು ಮನಸ್ಸಿಟ್ಟು ಬರೆದಿರಿ, ಅಂಕ ಮುಖ್ಯವಲ್ಲ ಅಂದಿರಿ. ಅದೇ ತಕ್ಕಡಿಯಲ್ಲಿ ಇದನ್ನೂ ತೂಗಬೇಕಲ್ವಾ?

ಹಳದಿ ನೀಲಿ, ನೋವೈ

ತೂಗಬೇಕು. ನೀವು ಹೇಳಿದ್ದು ಪೂರ್ತಿ ಸರಿ. ಅದು ತಪ್ಪು. ದಂಡ ಕಟ್ಟಿದ್ದು ನ್ಯಾಯ. ಆ ಸುದ್ದಿ ಬಂದ ವಾರ ನಾನು ಹಳದಿ ಜಾಕೆಟ್ ಹಾಕಿಕೊಂಡು ಆಫೀಸಿಗೆ ಹೋಗಲಿಲ್ಲ.

ಒಂದೇ ಮಾತು ಸೇರಿಸುತ್ತೇನೆ. ಚಿತ್ರ ತೆಗೆಸಿದ ಆ ಸಿಬ್ಬಂದಿ ಹೊರಗೆ ಹೋದ ಮೇಲೆ ಪೆನ್ ಸ್ಟೇಟ್ ಊರಿಗೆ ಹೋಗಿ ಆಡಿದೆವು. ಹಾರ್ಬಾ ಇಲ್ಲ. ಸತತ 32 ಸಲ ಓಡಿ, 24-15ಕ್ಕೆ ಗೆದ್ದರು. ಕೈಸನ್ನೆಯ ಗುಟ್ಟು ಏನೂ ಬೇಕಾಗದ ಆಟ. ಮುಂದಿನ ವಾರ ಮೇರಿಲ್ಯಾಂಡ್‌ನಲ್ಲಿ ಮಿಶಿಗನ್‌ನ 1,000ನೇ ಗೆಲುವು. ಅಷ್ಟು ಗೆದ್ದ ಮೊದಲ ಕಾಲೇಜು. ಆಮೇಲೆ ಒಹಾಯೊ ಎದುರು 30-24. ಆಡಿದ ಹುಡುಗರ ಬೆವರನ್ನು ನಾನು ಅಲ್ಲಗಳೆಯಲಾರೆ.

2025ರ ಡಿಸೆಂಬರ್‌ನಲ್ಲಿ ಮುಖ್ಯ ಕೋಚ್ ಅನ್ನು ನಡತೆಯ ಕಾರಣಕ್ಕೆ ಕೆಲಸದಿಂದ ತೆಗೆದದ್ದೂ ನಿಮಗೆ ಗೊತ್ತು. ಮತ್ತೆ ಹೊಟ್ಟೆ ಕಿವುಚಿದ ಹಾಗಾಯಿತು. ಮೈದಾನದಲ್ಲಿ ಮರಳಿ ಸಂಪಾದಿಸಿದ್ದನ್ನು ಆಫೀಸಿನ ಒಳಗೆ ಕಳೆಯುತ್ತಿದ್ದೇವೆ ಅನಿಸುತ್ತದೆ. ಮಗನಿಗೆ ಈಗ ಎಲ್ಲಾ ಅರ್ಥವಾಗುವ ವಯಸ್ಸು. ಅವನು ಕೇಳಿದಾಗ ಮುಚ್ಚಿಡದೆ ಹೇಳಿದೆ.

ಕೆಂಪು ಬೂದಿ, ಕೊಲಂಬಸ್

ತಕ್ಕಡಿ ಅವರೇ, ನಮ್ಮ ಮನೆಯ ದೋಸೆಯೂ ತೂತೇ. 2010ರಲ್ಲಿ ನಾವು ಮಿಶಿಗನ್ ಅನ್ನು 37-7ಕ್ಕೆ ಸೋಲಿಸಿದ್ದೆವು. ಆಟಗಾರರು ನಿಯಮ ಮೀರಿ ತಮ್ಮ ಸ್ಮರಣಿಕೆ ಕೊಟ್ಟು ಹಚ್ಚೆ ಹಾಕಿಸಿಕೊಂಡ ಪ್ರಕರಣದಿಂದ ಆ ವರ್ಷದ ಗೆಲುವುಗಳನ್ನೇ ದಾಖಲೆಯಿಂದ ತೆಗೆದರು. ನಾನು ಆ ಪಂದ್ಯ ನೋಡಿದ್ದೇನೆ, ಮರೆಯಲಾರೆ. ಆದರೆ ಅದರ ಬಗ್ಗೆ ಜಂಬ ಕೊಚ್ಚಿಕೊಳ್ಳುವುದನ್ನು ಬಿಟ್ಟಿದ್ದೇನೆ.

ನನ್ನ ಲೆಕ್ಕದಲ್ಲಿ ಮಿಶಿಗನ್‌ಗೆ ಮರ್ಯಾದೆ ಪೂರ್ತಿ ಬಂದದ್ದು 2024ರ ನವೆಂಬರ್ 30ಕ್ಕೆ. ಚಾಂಪಿಯನ್ ಆದ ಮಾರನೇ ವರ್ಷ. ಹಾರ್ಬಾ ಹೋಗಿದ್ದರು, ಒಳ್ಳೇ ಆಟಗಾರರೆಲ್ಲ ಹೋಗಿದ್ದರು, ನೀವು ರ‍್ಯಾಂಕ್ ಪಟ್ಟಿಯಲ್ಲೇ ಇರಲಿಲ್ಲ. ನಾವು 2ನೇ ರ‍್ಯಾಂಕ್, ಆಟ ನಮ್ಮ ಊರಲ್ಲಿ. ಸುಲಭವಾಗಿ ಗೆಲ್ಲುತ್ತೇವೆ ಅಂತ ಪತ್ರಿಕೆಯವರೆಲ್ಲ ಬರೆದಿದ್ದರು. ಆದರೆ ನಮ್ಮ ಬೀದಿಯಲ್ಲಿ ಒಬ್ಬರೂ ಹಾಗೆ ಮಾತಾಡಲಿಲ್ಲ. ಅದೇ ಪಕ್ಕದ ಮನೆಯವರು, 2018ರಲ್ಲಿ ಎಲೆ ಗುಡಿಸೋಕೆ ಹೋದವರು, ಈ ಸಲ ಕೊನೆಯ ಸೆಕೆಂಡ್ ವರೆಗೆ ಸೋಫಾದ ತುದಿಯಿಂದ ಏಳಲಿಲ್ಲ. 13-10, ನೀವು ಗೆದ್ದಿರಿ. ನಾವು ಆಮೇಲೆ ರಾಷ್ಟ್ರೀಯ ಚಾಂಪಿಯನ್ ಆದೆವು. ಆದರೂ ಅವರು ಇವತ್ತಿಗೂ ಆ ಪಂದ್ಯದ ಮಾತು ತೆಗೆದರೆ ಎದ್ದು ಒಳಗೆ ಹೋಗುತ್ತಾರೆ.

ಅಣ್ಣ, 2025ರಲ್ಲಿ ನಿಮ್ಮ ಊರಲ್ಲಿ 27-9ಕ್ಕೆ ಗೆದ್ದಾಗ ನಮ್ಮವರು ಎಷ್ಟು ಕುಣಿದರು ಗೊತ್ತಾ? ಕನಿಕರ ಇದ್ದ ಕಡೆ ಹಾಗೆ ಕುಣಿಯಲ್ಲ.

2026ರ ಪಂದ್ಯ ಕೊಲಂಬಸ್‌ನಲ್ಲಿ. ಮಗನನ್ನು ಕರೆದುಕೊಂಡು ಬನ್ನಿ. ಶುಕ್ರವಾರ ರಾತ್ರಿಯೇ ನಮ್ಮ ಮನೆಗೆ ಬಂದುಬಿಡಿ, ಬೆಳಿಗ್ಗೆ ಹೆದ್ದಾರಿ ತುಂಬಿರುತ್ತದೆ. ಹಳದಿ ಜಾಕೆಟ್ ಹಾಕಿಸಿಯೇ ಕರೆತನ್ನಿ.

ಹಳದಿ ನೀಲಿ, ನೋವೈ

ಖಂಡಿತ ಬರುತ್ತೇವೆ. ಮಗನಿಗೆ ಈಗಲೇ ಓದಿ ಹೇಳಿದೆ. ದಾರಿಯಲ್ಲಿ ಆ ಬಂಕಿನಲ್ಲೇ ನಿಲ್ಲಿಸಬೇಕಂತೆ. ಡೇಟನ್ ರಸ್ತೆ ಆ ಕಡೆ ಆಗುತ್ತದೆ, ಸುತ್ತು ಹೊಡೆಯಬೇಕು. ಪರವಾಗಿಲ್ಲ, ಒಂದೆರಡು ಗಂಟೆ ಮುಂಚೆ ಹೊರಡುತ್ತೇವೆ.